ಒಂದು ಗಿಡ್ಡ ಎಲೆಯ ಚರಿತ್ರೆ

ನಮ್ಮ ಮನೆಯೊಳಗೆ ಇಸ್ಪೀಟಿನ ಕಟ್ಟು ತರುವಂತಿರಲಿಲ್ಲ. ಜೂಜು ಹರಾಮ್, ಜೂಜಿನ ಸಾಮಾನೂ ಬೇಡ ಎಂಬುದು ಅಬ್ಬಾ ಹಾಕಿದ್ದ ಕಟ್ಟಳೆ. ಹಾಗಾಗಿ ಒಂದು ಬೇಸಿಗೆ ರಜೆಯಲ್ಲಿ ನಾವು ಅಣ್ಣತಮ್ಮಂದಿರು ಸೇರಿ ನಮ್ಮದೇ ಎಲೆಗಳನ್ನು ಮಾಡಿಕೊಂಡೆವು. ಅಟ್ಟದ ಮೇಲಿದ್ದ ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ, ಕೆಂಪು ಮತ್ತು ಕಪ್ಪು ಶಾಯಿಯಲ್ಲಿ ಇಸ್ಪೀಟು, ಆಟೀನು, ಕಳಾವರ, ಡೈಮನ್ನುಗಳನ್ನು ಬರೆದೆವು. ಒಂದು ಎಲೆಯ ಬೆನ್ನಿನಲ್ಲಿ ಚಿನ್ನದ ಬಣ್ಣದ ಚಂದ್ರ, ಇನ್ನೊಂದರಲ್ಲಿ ವರನ ಹೆಸರಿನ ಅರ್ಧ, ಮತ್ತೊಂದರಲ್ಲಿ ಎಣ್ಣೆಯ ಕಲೆ. ಎರಡು ದಿನ ಆಡುವಷ್ಟರಲ್ಲಿ ಯಾರ ಕೈಯಲ್ಲಿ ಯಾವ ಎಲೆಯಿದೆ ಎಂಬುದು ಬೆನ್ನು ನೋಡಿಯೇ ಎಲ್ಲರಿಗೂ ತಿಳಿಯತೊಡಗಿತು. ಆಟ ಸತ್ತುಹೋಯಿತು.

ಆಗ ಬೆಂಗಳೂರಿನಿಂದ ಬಂದವರು ಮಾಮು. ನಾವು ಚಾಪೆಯ ಕೆಳಗೆ ಬಚ್ಚಿಟ್ಟಿದ್ದ ಕಟ್ಟನ್ನು ಹೊರಗೆಳೆದು ತಿರುಗಿಸಿ ಮುರುಗಿಸಿ ನೋಡಿ ನಕ್ಕರು.

“ಇದರಲ್ಲಿ ಜಾದೂ ಮಾಡೋಕಾಗಲ್ಲ ಕಣ್ರೋ.”

“ಯಾಕೆ ಮಾಮು?”

“ಒಂದೊಂದು ಎಲೆಗೂ ಒಂದೊಂದು ಬೆನ್ನು. ಮೊದಲು ಎಲ್ಲವೂ ಪ್ರಾಮಾಣಿಕವಾಗಿ ಒಂದೇ ಥರ ಇರಬೇಕು. ಆಮೇಲಷ್ಟೇ ಅದರಲ್ಲಿ ಒಂದನ್ನು ಸುಳ್ಳು ಮಾಡೋಕಾಗೋದು.”

ಪುಸ್ತಕಕ್ಕೆ ಬೈಂಡು ಹಾಕುವ ಖಾಕಿ ಕಾಗದ ತರಿಸಿ, ಅಡುಗೆಮನೆಯಲ್ಲಿ ಮೈದಾ ಅಂಟು ಕಾಯಿಸಿ, ಎಲ್ಲ ಎಲೆಗಳ ಬೆನ್ನಿಗೂ ಒಂದೇ ಕಾಗದ ಅಂಟಿಸಿದರು. ರಾತ್ರಿಯಿಡೀ ಟ್ರಂಕಿನ ಕೆಳಗೆ ಇಟ್ಟು ಒಣಗಿಸಿ, ಬೆಳಿಗ್ಗೆ ಒಂದೇ ಅಳತೆಗೆ ಕತ್ತರಿಸಿದರು. ಕೊನೆಗೆ ಒಂದೇ ಒಂದು ಎಲೆಯನ್ನು ತೆಗೆದುಕೊಂಡು ಅದರ ಒಂದು ತುದಿಯಿಂದ ನೂಲಿನಷ್ಟು ತೆಳುವಾಗಿ ಕತ್ತರಿಸಿ, ಮೂಲೆಗಳನ್ನು ಉಗುರು ಕತ್ತರಿಯಿಂದ ಮತ್ತೆ ಗುಂಡಗೆ ಮಾಡಿದರು. ನಾವು ಕಣ್ಣಿಟ್ಟು ನೋಡುತ್ತಿದ್ದರೂ ಕಟ್ಟಿನೊಳಗೆ ಸೇರಿದ ಮೇಲೆ ಅದು ಯಾವುದೆಂದು ತಿಳಿಯಲಿಲ್ಲ. ಮಾಮುವಿನ ಹೆಬ್ಬೆರಳಿಗೆ ಮಾತ್ರ ತಿಳಿಯುತ್ತಿತ್ತು. ಅದೇ ಗಿಡ್ಡ ಎಲೆ.

ಜಾದೂಗಾರರ ಇಂಥ ‘ಮಾಡಿಕೊಂಡ’ ಎಲೆಗಳ ಹಿಂದೆ ಶತಮಾನಗಳಷ್ಟು ಚರಿತ್ರೆಯಿದೆ ಎಂಬುದು ನಮಗೆ ತಿಳಿದದ್ದು ಬಹಳ ವರ್ಷಗಳ ನಂತರ. ಅದನ್ನು ಓದುತ್ತಾ ಹೋದಂತೆಲ್ಲ ಮಾಮು ಹೇಳಿದ ಆ ಒಂದು ಮಾತೇ ಅದಕ್ಕೆ ಕೀಲಿಕೈ ಎನ್ನಿಸಿದೆ. ಸುಳ್ಳು ಬದುಕುವುದು ಸುಳ್ಳುಗಳ ನಡುವೆ ಅಲ್ಲ, ಪ್ರಾಮಾಣಿಕತೆಯ ನಡುವೆ.

ಎಲೆಗಳು ನಡೆದುಬಂದ ದಾರಿ

ಇಸ್ಪೀಟು ಯುರೋಪಿನವರ ಕಂಡುಹಿಡಿತ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಯುರೋಪಿಗೆ ಅದು ಹೋದದ್ದು ಪೂರ್ವದಿಂದ. 1377ರಲ್ಲಿ ಇಟಲಿಯ ಫ್ಲಾರೆನ್ಸ್ ನಗರ ಹೊರಡಿಸಿದ ಆಜ್ಞೆಯೊಂದರಲ್ಲಿ ಈ ಹೊಸ ಆಟದ ಪ್ರಸ್ತಾಪವಿದೆ. ಅಲ್ಲಿ ಅದರ ಹೆಸರು ‘ನಾಯಿಬ್ಬೆ’. ಸ್ಪೇನಿನವರು ಇಂದಿಗೂ ಇಸ್ಪೀಟಿನ ಎಲೆಗೆ ‘ನಾಯಿಪೆ’ ಎನ್ನುತ್ತಾರೆ. ಈ ಹೆಸರಿನ ಬೇರು ಎಲ್ಲಿಯದು ಎಂಬುದಕ್ಕೆ ಬಲವಾದ ಸುಳಿವು ಸಿಕ್ಕಿದ್ದು 20ನೇ ಶತಮಾನದಲ್ಲಿ. ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯ ಸಂಗ್ರಹದಲ್ಲಿ ಕೈಯಿಂದ ಚಿತ್ರಿಸಿದ, ಚಿನ್ನದ ಬಣ್ಣ ಹಚ್ಚಿದ ಎಲೆಗಳ ಕಟ್ಟೊಂದನ್ನು ಲಿಯೋ ಮೇಯರ್ ಎಂಬ ವಿದ್ವಾಂಸ 1931ರಲ್ಲಿ ಗುರುತಿಸಿದರು. ಅದು ಈಜಿಪ್ಟಿನ ಮಮ್ಲೂಕರ ಕಾಲದ ಕಟ್ಟು. ಬಟ್ಟಲು, ನಾಣ್ಯ, ಖಡ್ಗ, ಪೋಲೋ ಆಟದ ಕೋಲು ಹೀಗೆ ನಾಲ್ಕು ಗುಂಪು; ಪೂರ್ತಿಯಿದ್ದಾಗ 52 ಎಲೆ. ರಾಜ ‘ಮಲಿಕ್’, ಅವನ ಕೆಳಗೆ ‘ನಾಯಿಬ್’, ಅವನ ಕೆಳಗೆ ‘ಎರಡನೇ ನಾಯಿಬ್’. ಅದರಲ್ಲಿ ರಾಣಿ ಇಲ್ಲ. ಪೋಲೋ ಆಟ ಗೊತ್ತಿಲ್ಲದ ಯುರೋಪಿನ ಕಸುಬುದಾರರು ಆ ಕೋಲನ್ನು ಬರಿಯ ದೊಣ್ಣೆಯಾಗಿ ಬರೆದರು.

‘ಮಮ್ಲೂಕ್’ ಎಂದರೆ ಒಡೆತನಕ್ಕೆ ಒಳಗಾದವನು, ಗುಲಾಮ ಎಂದರ್ಥ. ಗುಲಾಮರೇ ಸುಲ್ತಾನರಾಗಿ ಆಳಿದ ನಾಡಿನಿಂದ ಹೊರಟ ಆಟದಲ್ಲಿ, ನಮ್ಮ ಹಳ್ಳಿಯ ಕಟ್ಟೆಗೆ ಬರುವಷ್ಟರಲ್ಲಿ ರಾಜ, ರಾಣಿಯರ ಕೆಳಗೆ ಒಬ್ಬ ‘ಗುಲಾಮ’ ಕುಳಿತಿದ್ದಾನೆ. ಚರಿತ್ರೆ ಹೀಗೂ ಆಟವಾಡುತ್ತದೆ.

ಭಾರತಕ್ಕೆ ಎಲೆಗಳು ಬೇರೆ ದಾರಿಯಿಂದ ಬಂದವು. 1527ರಲ್ಲಿ ಸಿಂಧ್‌ನ ಶಾಹ್ ಹಸನನಿಗೆ ಗಂಜೀಫಾ ಕಳುಹಿಸಿಕೊಟ್ಟೆ ಎಂದು ಬಾಬರ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅಕ್ಬರನ ಕಾಲದ ಆಟದ ವಿವರ ಅಬುಲ್ ಫಜಲನ ‘ಐನ್-ಎ-ಅಕ್ಬರಿ’ಯಲ್ಲಿದೆ. ಮೊಘಲರ ಎಂಟು ಗುಂಪಿನ 96 ಎಲೆಗಳ ಆಟ ಹಿಂದೂ ಕಲಾವಿದರ ಕೈಗೆ ಬಂದಾಗ ಹತ್ತು ಗುಂಪಿನ 120 ಎಲೆಗಳ ದಶಾವತಾರ ಗಂಜೀಫಾ ಆಯಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇದನ್ನು ಇನ್ನೂ ಮುಂದಕ್ಕೆ ಒಯ್ದು ‘ಛದ’ ಎಂಬ ಹೆಸರಿನ ಹಲವು ಆಟಗಳನ್ನು ಕಟ್ಟಿದರು. ಅವುಗಳಲ್ಲಿ ದೊಡ್ಡದಕ್ಕೆ 360 ಎಲೆ. ಛದ ಎಂದರೂ ಎಲೆಯೇ. ಅವುಗಳ ವಿವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿದೆ.

ಈ ಗಂಜೀಫಾ ಎಲೆಗಳು ತಯಾರಾಗುತ್ತಿದ್ದ ಬಗೆಯನ್ನು ಗಮನಿಸಬೇಕು. ಒಡಿಶಾದಲ್ಲಿ ಹಳೆಯ ಬಟ್ಟೆಯ ಪದರಗಳನ್ನು ಹುಣಸೆ ಬೀಜದ ಅಂಟಿನಿಂದ ಅಂಟಿಸಿ, ಸುಣ್ಣದ ಪುಡಿ ಬಳಿದು, ಕಲ್ಲಿನಿಂದ ಉಜ್ಜಿ ನಯ ಮಾಡಿ, ಗುಂಡಗೆ ಕತ್ತರಿಸಿ, ಬಣ್ಣ ಹಾಕಿ ಅರಗು ಬಳಿಯುತ್ತಿದ್ದರು. ಬೆನ್ನಿಗೆ ಸಾಮಾನ್ಯವಾಗಿ ಒಂದೇ ಬಣ್ಣ. ಅದು ಕೇವಲ ಅಂದಕ್ಕಾಗಿ ಅಲ್ಲ. ಕೈಯಿಂದ ಮಾಡಿದ ಎರಡು ಎಲೆಗಳು ಪೂರ್ತಿ ಒಂದೇ ಥರ ಇರುವುದಿಲ್ಲ. ಆ ವ್ಯತ್ಯಾಸವನ್ನು ಮುಚ್ಚಿದರಷ್ಟೇ ಆಟ ನ್ಯಾಯವಾಗಿ ನಡೆದೀತು. ಮದುವೆ ಕಾಗದದ ಎಲೆಗಳಲ್ಲಿ ನಾವು ಸೋತದ್ದು ಇಲ್ಲಿಯೇ. ಇನ್ನೊಂದು ಸಂಗತಿ: ಗುಂಡು ಎಲೆಗೆ ತುದಿಯೆಂಬುದಿಲ್ಲ. ತುದಿಯಿಲ್ಲದ ಎಲೆಯನ್ನು ಒಂದು ತುದಿಯಲ್ಲಿ ಗಿಡ್ಡ ಮಾಡುವುದು ಹೇಗೆ?

ಯಂತ್ರ ಕೊಟ್ಟ ಅವಕಾಶ

ಗಿಡ್ಡ ಎಲೆಗೆ ಬೇಕಾದ ನೆಲವನ್ನು ಹದ ಮಾಡಿದ್ದು ಚೌಕದ ಕಾಗದದ ಎಲೆ, ಅದರಲ್ಲೂ ಯಂತ್ರದ ಮುದ್ರಣ. ಯುರೋಪಿನಲ್ಲೂ ಮೊದಲು ಎಲೆಗಳ ಬೆನ್ನು ಖಾಲಿ ಬಿಳಿಯಾಗಿತ್ತು. ಬೆರಳಿನ ಕೊಳೆ, ಉಗುರಿನ ಗೀರು, ಎಲ್ಲವೂ ಗುರುತಾಗುತ್ತಿದ್ದವು. ಲಂಡನ್ನಿನ ಥಾಮಸ್ ಡಿ ಲಾ ರೂ 1831ರಲ್ಲಿ ಎಲೆಗಳ ಮುದ್ರಣ ಸುಧಾರಣೆಗೆ ಪೇಟೆಂಟ್ ಪಡೆದ. 19ನೇ ಶತಮಾನದಲ್ಲಿ ಬೆನ್ನಿಗೆ ಬಳ್ಳಿ, ಜಾಲರಿಗಳ ವಿನ್ಯಾಸ ಬಂದಿತು. ಕೊಳೆಯ ಗುರುತು ಕಾಣದಿರಲಿ ಎಂದು ಹಾಕಿದ ಆ ಬಳ್ಳಿಗಳೇ ಮೋಸಗಾರನಿಗೆ ಹೊಸ ಗುರುತು ಬಚ್ಚಿಡುವ ಜಾಗವಾದವು. ನೂರು ಎಸಳುಗಳ ನಡುವೆ ಒಂದು ಎಸಳನ್ನು ಅಳಿಸಿದರೆ ಯಾರಿಗೆ ಕಾಣುತ್ತದೆ?

ಎಲೆಯೊಂದನ್ನು ಮನೆಯಲ್ಲಿ ‘ಮಾಡುವುದು’ ಒಂದು ಕಾಲದಲ್ಲಿ ಪ್ರಾಣಕ್ಕೇ ಎರವಾಗುವ ಕೆಲಸವಾಗಿತ್ತು ಎಂದರೆ ನಂಬುವುದು ಕಷ್ಟ. ಇಂಗ್ಲೆಂಡಿನಲ್ಲಿ ಪ್ರತಿ ಕಟ್ಟಿನ ಮೇಲೂ ತೆರಿಗೆಯಿತ್ತು. ತೆರಿಗೆ ಸಂದಾಯವಾಗಿದೆ ಎಂಬುದಕ್ಕೆ ಸಾಕ್ಷಿ ಇಸ್ಪೀಟಿನ ಎಕ್ಕ. ಅದನ್ನು ಮುದ್ರಿಸುವ ಹಕ್ಕು ಸರಕಾರದ್ದು. ರಿಚರ್ಡ್ ಹಾರ್ಡಿಂಗ್ ಎಂಬ ಎಲೆ ವ್ಯಾಪಾರಿ ನಕಲಿ ಎಕ್ಕಗಳ ಆರೋಪದಲ್ಲಿ ಸಿಕ್ಕಿಬಿದ್ದ. 1805ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಇಂದಿಗೂ ಹಲವು ಕಟ್ಟುಗಳಲ್ಲಿ ಇಸ್ಪೀಟಿನ ಎಕ್ಕವೊಂದೇ ಅಷ್ಟೊಂದು ಅಲಂಕಾರ ಹೊತ್ತಿರುವುದು ಆ ತೆರಿಗೆಯ ಮುದ್ರೆಯ ಉಳಿಕೆ. ಜನರ ಜೇಬು ಖಾಲಿ ಮಾಡುವ ಸುಳ್ಳು ಎಲೆಗಿಂತ ಖಜಾನೆಗೆ ನಷ್ಟ ಮಾಡುವ ಸುಳ್ಳು ಎಲೆಗೆ ಶಿಕ್ಷೆ ಹೆಚ್ಚು ಎಂಬುದನ್ನೂ ಇಲ್ಲಿ ಗಮನಿಸಬಹುದು.

ಎಲೆ ಸುಳ್ಳಾಗುವ ಬಗೆ

ಜಾದೂಗಾರನ ಎಲೆಗಳಲ್ಲಿ ಮುಖ್ಯವಾದ ಕೆಲವನ್ನು ಹೇಳಬೇಕು. ಮೊದಲನೆಯದು ನಾವು ಕಂಡ ಗಿಡ್ಡ ಎಲೆ. ಕಟ್ಟನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಹೆಬ್ಬೆರಳಿನಿಂದ ತುದಿಗಳನ್ನು ಸರಸರನೆ ಬಿಡುತ್ತಾ ಬಂದರೆ ಗಿಡ್ಡ ಎಲೆಯ ಜಾಗದಲ್ಲಿ ಸಣ್ಣಗೆ ‘ಟಕ್’ ಎಂದು ಕಟ್ಟು ಬಿರಿಯುತ್ತದೆ. ನೋಡುವವನು ಆರಿಸಿದ ಎಲೆ ಅದರ ಪಕ್ಕ ಸೇರುವಂತೆ ಮಾಡಿದರೆ, ಕಟ್ಟನ್ನು ಎಷ್ಟು ಸಲ ಕತ್ತರಿಸಿ ಮೇಲೆ ಕೆಳಗೆ ಮಾಡಿದರೂ ಆ ಎಲೆ ಮತ್ತೆ ಸಿಗುತ್ತದೆ. ಬೇರೆ ಬೇರೆ ಎಲೆಗಳ ನಡುವೆ ಒಂದೊಂದು ಬಿಟ್ಟು ಒಂದರಂತೆ 26 ಒಂದೇ ಬಗೆಯ ಗಿಡ್ಡ ಎಲೆಗಳನ್ನು ಸೇರಿಸಿದರೆ ಇನ್ನೂ ದೊಡ್ಡ ಚಮತ್ಕಾರ. ಮುಖ ತೋರಿಸುತ್ತಾ ಬಿಟ್ಟಾಗ ಎಲೆಗಳು ಜೋಡಿಜೋಡಿಯಾಗಿ ಬೀಳುವುದರಿಂದ ಗಿಡ್ಡವು ಮರೆಯಾಗಿ, ಎಲ್ಲವೂ ಬೇರೆ ಬೇರೆ ಎಂದೇ ಕಾಣುತ್ತವೆ. “ಸಾಕು” ಎಂದು ನಿಲ್ಲಿಸಿದಾಗ ಕೈಗೆ ಬರುವುದು ಮಾತ್ರ ಯಾವಾಗಲೂ ಅದೇ ಎಲೆ. ಅಮೆರಿಕದ ಬರ್ಲಿಂಗ್ ಹಲ್ 20ನೇ ಶತಮಾನದ ಆರಂಭದಲ್ಲಿ ಇದನ್ನು ‘ಸ್ವೆಂಗಾಲಿ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದ. 26 ಒಂದೇ ಎಲೆ ಬೇಕಾದರೆ 26 ಕಟ್ಟು ಒಡೆಯಬೇಕು. ಹಾಗಾಗಿ ಮನೆಯಲ್ಲಿ ಮಾಡುವವರು ಒಂದು ಗಿಡ್ಡ ಎಲೆಯಲ್ಲಿಯೇ ತೃಪ್ತಿಪಡಬೇಕು.

ಎರಡನೆಯದು ಇಳಿಜಾರು ಕಟ್ಟು. ಇಡೀ ಕಟ್ಟಿನ ಉದ್ದದ ಅಂಚುಗಳನ್ನು ಒಂದು ತುದಿ ಅಗಲ, ಇನ್ನೊಂದು ತುದಿ ತುಸು ಕಿರಿದಾಗುವಂತೆ ಕತ್ತರಿಸುತ್ತಾರೆ. ಆಗ ಯಾವುದೇ ಎಲೆಯನ್ನು ತಿರುಗಿಸಿ ಸೇರಿಸಿದರೆ ಅದರ ಅಗಲದ ತುದಿ ಬೆರಳಿಗೆ ತಾಗುತ್ತದೆ. ಮೂರನೆಯದು ಎರಡು ಮುಖದ ಎಲೆ. ಕಾಗದದ ಎಲೆ ಒಂದೇ ಹಾಳೆಯಲ್ಲ, ಅಂಟಿಸಿದ ಪದರಗಳು. ಹಳೆಯ ಬಗೆಯ ಎಲೆಯನ್ನು ನೀರಿನಲ್ಲಿ ನೆನೆಸಿ, ಪದರ ಬಿಡಿಸಿ, ಎರಡು ಮುಖಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ ಭಾರದ ಕೆಳಗೆ ಒಣಗಿಸಿದರೆ ಸಿದ್ಧ. ನಾಲ್ಕನೆಯದರಲ್ಲಿ ಎಲೆಯ ಬೆನ್ನನ್ನು ತುಸು ಒರಟು ಮಾಡುತ್ತಾರೆ. ಒರಟು ಬೆನ್ನಿಗೆ ಒರಟು ಬೆನ್ನು ತಾಗಿ ಎರಡು ಎಲೆಗಳು ಒಂದಾಗಿ ಜರುಗುತ್ತವೆ, ಬೇಕಾದಾಗ ಮಾತ್ರ ಬಿಡುತ್ತವೆ.

ಈ ವಿದ್ಯೆಯನ್ನು ಕಲೆಯ ಮಟ್ಟಕ್ಕೆ ಏರಿಸಿದವನು ವಿಯೆನ್ನಾದ ಯೋಹಾನ್ ಹೊಫ್‌ಜಿನ್ಸರ್ (1806–1875). ಹಗಲು ಸರಕಾರಿ ನೌಕರಿ, ಸಂಜೆ ಆಹ್ವಾನಿತರ ಸಣ್ಣ ಸಭೆಯಲ್ಲಿ ಜಾದೂ. ಪದರ ಬಿಡಿಸಿ, ಕತ್ತರಿಸಿ, ಮತ್ತೆ ಜೋಡಿಸಿದ ಎಲೆಗಳನ್ನು ಅವನು ಬಳಸುತ್ತಿದ್ದ. ಸಾಯುವ ಮುನ್ನ ತನ್ನ ಕಾಗದಪತ್ರಗಳನ್ನೆಲ್ಲ ಸುಟ್ಟುಬಿಡುವಂತೆ ಹೆಂಡತಿಗೆ ಹೇಳಿದ್ದನಂತೆ. ಶಿಷ್ಯರ ನೆನಪಿನಲ್ಲಿ, ಅಲ್ಲಿ ಇಲ್ಲಿ ಚದುರಿದ ಪತ್ರಗಳಲ್ಲಿ ಉಳಿದಿದ್ದನ್ನು ಒಟ್ಟುಗೂಡಿಸಿ ಒಟ್ಟೊಕಾರ್ ಫಿಷರ್ 1910ರಲ್ಲಿ ಪುಸ್ತಕ ಮಾಡಿದ. ಗುಟ್ಟು ಉಳಿದರೆ ಕಲೆ ಉಳಿಯುತ್ತದೆ ಎಂದು ಹೊಫ್‌ಜಿನ್ಸರ್ ನಂಬಿದ್ದಿರಬೇಕು. ಗುಟ್ಟಿನ ಜೊತೆ ಕಲೆಯೇ ಸುಟ್ಟುಹೋಗುವುದರಲ್ಲಿತ್ತು.

ಮಡಿಸಿದ ಮೂಲೆ

ಇದೇ ಎಲೆಗಳು ಜಾದೂಗಾರನ ಕೈಗೆ ಬರುವುದಕ್ಕೆ ಮುಂಚೆ, ಅಥವಾ ಅದರ ಜೊತೆಜೊತೆಗೇ, ಜೂಜುಕೋರನ ಕೈಯಲ್ಲಿದ್ದವು. 16ನೇ ಶತಮಾನದ ಇಟಲಿಯ ವೈದ್ಯ, ಗಣಿತಜ್ಞ ಕಾರ್ಡಾನೊ ಸ್ವತಃ ಜೂಜುಕೋರ. ಜೂಜಿನ ಬಗ್ಗೆ ಅವನು ಬರೆದ ಪುಸ್ತಕದಲ್ಲಿ ಗುರುತು ಮಾಡಿದ ಎಲೆಗಳ ಬಗ್ಗೆ, ಸಾಬೂನು ಸವರಿ ಜಾರುವಂತೆ ಮಾಡಿದ ಎಲೆಗಳ ಬಗ್ಗೆ ಎಚ್ಚರಿಕೆಯಿದೆ.

ನಾವು ಇದನ್ನು ಕಂಡದ್ದು ನಮ್ಮೂರಿನ ಉರೂಸಿನ ಸಂತೆಯಲ್ಲಿ. ಬಳೆ ಅಂಗಡಿಗಳ ಹಿಂದೆ ಒಬ್ಬ ಗೋಣಿಚೀಲ ಹಾಸಿ ಮೂರು ಎಲೆ ಇಟ್ಟುಕೊಂಡು ಕುಳಿತಿದ್ದ. ರಾಣಿ ಎಲ್ಲಿದ್ದಾಳೆ ಎಂದು ಹೇಳಿದರೆ ಹಣ ಎರಡರಷ್ಟು. ಅವನು ಆಚೆ ತಿರುಗಿ ಉಗುಳುವಾಗ ಗುಂಪಿನಲ್ಲಿದ್ದ ಒಬ್ಬ ರಾಣಿಯ ಮೂಲೆಯನ್ನು ಮೆಲ್ಲನೆ ಮಡಿಸಿ, ಪಕ್ಕದಲ್ಲಿದ್ದ ಗಾರೆ ಕೆಲಸದವನಿಗೆ ಕಣ್ಣು ಹೊಡೆದ. ಎಲೆಗಳು ತಿರುಗಿದವು. ಮಡಿಸಿದ ಮೂಲೆ ಎದುರಿಗೇ ಕಾಣುತ್ತಿತ್ತು. ಆ ಮನುಷ್ಯ ವಾರದ ಬಟವಾಡೆಯನ್ನು ಪೂರ್ತಿ ಅದರ ಮೇಲಿಟ್ಟ. ತಿರುಗಿಸಿದರೆ ಕಳಾವರದ ಏಳು.

ಮಾಮು ನಮ್ಮನ್ನು ಕೈಹಿಡಿದು ಈಚೆ ಕರೆತಂದರು. ಮೂಲೆ ಮಡಿಸಿದವನೂ ಎಲೆ ಹಾಕುವವನೂ ಒಂದೇ ಗುಂಪು ಎಂದು ವಿವರಿಸಿದರು. ಎಲೆ ಹಾಕುವಾಗ ರಾಣಿಯ ಮೂಲೆ ನೆಟ್ಟಗಾಗುತ್ತದೆ, ಇನ್ನೊಂದರ ಮೂಲೆ ಮಡಿಸಿಕೊಳ್ಳುತ್ತದೆ. “ಅವನು ಸೋತದ್ದು ಮೋಸಹೋಗಿ ಅಲ್ಲ. ತಾನು ಮೋಸ ಮಾಡ್ತಿದ್ದೀನಿ ಅಂದ್ಕೊಂಡು,” ಎಂದರು. ನಂತರ ಹೇಳಿದ ಮಾತು ಇದು: “ನಾನು ನಿಮಗೆ ಮೊದಲೇ ಆಟ ಅಂತ ಹೇಳಿ ಮಾಡಿದೆ, ಅದು ಜಾದೂ. ಇವನು ಹೇಳದೆ ಮಾಡಿದ, ಇದು ಮೋಸ. ಕತ್ತರಿ ಇಬ್ಬರದ್ದೂ ಒಂದೇ.”

ಆ ಗಾರೆ ಕೆಲಸದವನಿಗೆ ಇದನ್ನು ಹೋಗಿ ಹೇಳಿ ಎಂದು ನಾವು ಒತ್ತಾಯಿಸಿದೆವು. ಗೋಣಿಚೀಲದ ಸುತ್ತ ಇದ್ದವರಲ್ಲಿ ಯಾರು ಯಾರ ಕಡೆಯವರೋ ತಿಳಿಯುವಂತಿರಲಿಲ್ಲ. ಮಾಮು ಹೋಗಲಿಲ್ಲ. ದಾರಿಯುದ್ದಕ್ಕೂ ಮಾತೂ ಆಡಲಿಲ್ಲ.

ಹೋಗಿ ಹೇಳಿದವರು

ಹೋಗಿ ಹೇಳಿದವರೂ ಚರಿತ್ರೆಯಲ್ಲಿದ್ದಾರೆ. ಅವರನ್ನು ನೆನೆಯಲು ಯುರೋಪಿಗೆ ಇಸ್ಪೀಟು ಹೋಗುವುದಕ್ಕಿಂತಲೂ ಹಿಂದಕ್ಕೆ ಹೋಗಬೇಕು. 13ನೇ ಶತಮಾನದ ಮೊದಲ ಅರ್ಧದಲ್ಲಿ ದಮಾಸ್ಕಸ್ ಬಳಿಯ ಜೌಬರ್ ಹಳ್ಳಿಯ ಅಬ್ದುಲ್ ರಹಮಾನ್ ಅಲ್ ಜೌಬರಿ ಅರಬ್ಬಿಯಲ್ಲಿ ‘ಕಷ್ಫುಲ್ ಅಸ್ರಾರ್’ ಎಂಬ ಗ್ರಂಥ ಬರೆದ. ಗುಟ್ಟುಗಳನ್ನು ಬಯಲು ಮಾಡುವುದು ಎಂದು ಅದರ ಅರ್ಥ. ಅದರ 30 ಅಧ್ಯಾಯಗಳಲ್ಲಿ ಕೈಚಳಕದವರು, ರಸವಾದಿಗಳು, ನಕಲಿ ವೈದ್ಯರು, ಜ್ಯೋತಿಷಿಗಳು, ಸುಳ್ಳು ಪ್ರವಾದಿಗಳು ಬರುತ್ತಾರೆ. ಜೌಬರಿ ತನ್ನ ಸಮುದಾಯದ ಕಪಟ ಶೇಖ್‌ಗಳನ್ನೂ ಬಿಡಲಿಲ್ಲ. ಪರರ ಮೋಸವನ್ನು ಬಯಲಿಗೆಳೆಯುವುದು ಸುಲಭ. ತಮ್ಮವರ ಮೋಸವನ್ನು ಹೇಳಲು ಧೈರ್ಯ ಬೇಕು.

1584ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ರೆಜಿನಾಲ್ಡ್ ಸ್ಕಾಟ್ ಬರೆದ ‘ದ ಡಿಸ್ಕವರಿ ಆಫ್ ವಿಚ್‌ಕ್ರಾಫ್ಟ್’ ಇದೇ ದಾರಿಯ ಪುಸ್ತಕ. ಆಗ ಮಾಟಗಾತಿಯರೆಂಬ ಆರೋಪ ಹೊರಿಸಿ ಬಡ ಮುದುಕಿಯರನ್ನು ಗಲ್ಲಿಗೇರಿಸುತ್ತಿದ್ದ ಕಾಲ. ಜನ ಅಚ್ಚರಿಪಡುವ ಚಮತ್ಕಾರಗಳನ್ನು ಸೈತಾನನ ನೆರವಿಲ್ಲದೆ ಬರಿಯ ಕೈಗಳಿಂದ ಹೇಗೆ ಮಾಡಬಹುದು ಎಂದು ತೋರಿಸಿಬಿಟ್ಟರೆ ಆ ಆರೋಪದ ಬುಡವೇ ಅಲುಗುತ್ತದೆ ಎಂದು ಸ್ಕಾಟ್ ಯೋಚಿಸಿದ. ಲಂಡನ್ನಿನಲ್ಲಿ ದುಡಿದು ತಿನ್ನುತ್ತಿದ್ದ ಕಾಟರೆಸ್ ಎಂಬ ಫ್ರೆಂಚ್ ಕೈಚಳಕದವನಿಂದ ಕಲಿತ. ನಾಲ್ಕು ಎಕ್ಕಗಳು ನಾಲ್ಕು ಗುಲಾಮರಾಗುವ ಬಗೆಯನ್ನು, ಎಲೆಯಾಟದಲ್ಲಿ ಮೋಸಹೋಗದಿರಲು ಬೇಕಾದ ಎಚ್ಚರಿಕೆಗಳನ್ನು ಬರೆದ. ಮೂಗು ಕತ್ತರಿಸಿದಂತೆ ಕಾಣಿಸುವ, ನಡುವೆ ಕಚ್ಚು ತೆಗೆದ ಚಾಕುವಿನ ಚಿತ್ರವನ್ನೂ ಹಾಕಿದ. ಜಾದೂಗಾರರು ಇದನ್ನು ತಮ್ಮ ವಿದ್ಯೆಯ ಮೊದಲ ಪುಸ್ತಕಗಳಲ್ಲಿ ಒಂದೆಂದು ಗೌರವಿಸುತ್ತಾರೆ. ಅದು ಬರೆದದ್ದು ವಿದ್ಯೆ ಕಲಿಸಲಲ್ಲ, ಪ್ರಾಣ ಉಳಿಸಲು. ರಾಜ ಜೇಮ್ಸನಿಗೆ ಅದು ರುಚಿಸಲಿಲ್ಲ. 1597ರ ತನ್ನ ಪುಸ್ತಕದಲ್ಲಿ ಸ್ಕಾಟನ ಹೆಸರು ಹಿಡಿದೇ ಖಂಡಿಸಿದ.

ಮಾಮುವಿನ ಅಳತೆಗೋಲು ಪರೀಕ್ಷೆಗೆ ಒಳಗಾಗುವುದು ಫ್ರಾನ್ಸಿನ ರಾಬರ್ಟ್ ಊದೆನ್ (1805–1871) ಎದುರು ಬಂದಾಗ. ಗಡಿಯಾರ ರಿಪೇರಿಯಿಂದ ಜಾದೂಗೆ ಬಂದ ಈತ 1861ರಲ್ಲಿ ಜೂಜುಕೋರರ ಇಳಿಜಾರು ಕಟ್ಟು, ಗುರುತಿನ ಎಲೆಗಳನ್ನೆಲ್ಲ ಬಯಲು ಮಾಡುವ ಪುಸ್ತಕ ಬರೆದ. ಅದಕ್ಕೆ ಐದು ವರ್ಷ ಮೊದಲು, 1856ರಲ್ಲಿ, ಫ್ರೆಂಚ್ ಸರಕಾರ ಇವನನ್ನೇ ಅಲ್ಜೀರಿಯಾಕ್ಕೆ ಕಳುಹಿಸಿತ್ತು. ದಂಗೆಗೆ ಜನರನ್ನು ಹುರಿದುಂಬಿಸುತ್ತಿದ್ದ ಮರಾಬೂತರ, ಅಂದರೆ ಅಲ್ಲಿನ ಸಂತರ, ಪವಾಡಗಳಿಗಿಂತ ಫ್ರೆಂಚರ ಪವಾಡ ದೊಡ್ಡದು ಎಂದು ತೋರಿಸುವುದು ಉದ್ದೇಶ. ಅಲ್ಜಿಯರ್ಸ್‌ನ ರಂಗಮಂದಿರದಲ್ಲಿ ಒಂದು ಸಣ್ಣ ಪೆಟ್ಟಿಗೆ ಇಟ್ಟು, ಒಬ್ಬ ಬಲಶಾಲಿ ಅರಬನನ್ನು ಕರೆದು, ನಿನ್ನ ಬಲವನ್ನು ಕಿತ್ತುಕೊಳ್ಳುತ್ತೇನೆ ಎಂದ. ನೆಲದಡಿಯ ವಿದ್ಯುದಯಸ್ಕಾಂತ ಪೆಟ್ಟಿಗೆಯನ್ನು ಹಿಡಿದಿಟ್ಟಿತು. ಎಳೆದವನ ಕೈಗೆ ವಿದ್ಯುತ್ತಿನ ಪೆಟ್ಟು ಬಿತ್ತು. ಆ ಮನುಷ್ಯ ಸಭೆಯಿಂದ ಓಡಿಹೋದ. ಇದು ಕೈಚಳಕವೇ ಹೊರತು ಮಂತ್ರವಲ್ಲ ಎಂದು ನಂತರ ದುಭಾಷಿಗಳ ಮೂಲಕ ತಿಳಿಸಲಾಯಿತು ಎಂದು ಊದೆನ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ನಮಗಿರುವುದು ಬಹುಮಟ್ಟಿಗೆ ಅವನದೇ ಮಾತು. ಆ ಬಲಶಾಲಿಯ ಮಾತನ್ನು ಯಾರೂ ಬರೆದಿಡಲಿಲ್ಲ.

ಜೂಜಿನ ಮೇಜಿನ ಮೋಸವನ್ನು ಬಯಲು ಮಾಡಿದ ಕೈಗೆ ಸಾಮ್ರಾಜ್ಯದ ಮೋಸ ತಪ್ಪೆನಿಸಲಿಲ್ಲ. ಮೊದಲು ಹೆದರಿಸಿ, ಆಮೇಲೆ ಆಟ ಎಂದರೆ ಅದು ಜಾದೂ ಆಗುವುದೇ? ಮಾಮು ಹೇಳಿದ್ದು ‘ಮೊದಲೇ ಹೇಳಿ’ ಎಂದು.

ಕರ್ನಾಟಕದಲ್ಲೂ ಈ ದಾರಿ ಖಾಲಿಯಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದ್ದರು. ಕೈಚಳಕ ಬಲ್ಲವರು ಶಾಲೆ, ಹಳ್ಳಿಗಳಿಗೆ ಹೋಗಿ ಪವಾಡವೆಂಬುದನ್ನು ಮಾಡಿ ತೋರಿಸಿ, ಹೇಗೆ ಮಾಡಿದೆವೆಂದು ಬಿಡಿಸಿ ಹೇಳುವ ಕೆಲಸ ಇಲ್ಲಿ ಹಲವು ವರ್ಷಗಳಿಂದ ನಡೆದಿದೆ. ಇಂದು ಸುಳ್ಳು ಎಲೆ ಕಾಗದದ್ದೇ ಆಗಬೇಕಿಲ್ಲ. ಮೊಬೈಲಿಗೆ ಬರುವ ನೂರು ನಿಜ ಸುದ್ದಿಗಳ ನಡುವೆ ಒಂದರ ತುದಿಯನ್ನು ನೂಲಿನಷ್ಟು ಕತ್ತರಿಸಿದರೆ ಸಾಕು, ಇಡೀ ಊರು ಬೇಕಾದ ಜಾಗದಲ್ಲಿ ಬಿರಿಯುತ್ತದೆ. ಮಡಿಸಿದ ಮೂಲೆಯನ್ನು ತಾನೊಬ್ಬನೇ ಕಂಡೆ ಎಂದುಕೊಂಡು ಬಟವಾಡೆ ಪೂರ್ತಿ ಕಟ್ಟುವವರು ಈಗಲೂ ನಾವೇ.

ಆ ರಜೆಯ ಕೊನೆಯ ರಾತ್ರಿ ಮಾಮು ಖಾಕಿ ಕಾಗದದ ಕಟ್ಟನ್ನು ಅಬ್ಬಾರ ಎದುರಿಗೇ ತೆಗೆದರು. ನಾವು ಉಸಿರು ಹಿಡಿದು ಕುಳಿತೆವು. “ದುಡ್ಡಿಲ್ಲ, ಪಂದ್ಯ ಇಲ್ಲ ಭಾಯಿಜಾನ್, ಬರೀ ಆಟ,” ಎಂದು ಹೇಳಿ, ಒಂದು ಎಲೆ ಆರಿಸಲು ಕೊಟ್ಟರು. ಆರಿಸಿದ ಎಲೆ ಮತ್ತೆ ಮೇಲೆ ಬಂದಾಗ ಅಬ್ಬಾ ಮಗುವಿನಂತೆ ನಕ್ಕು, “ಇನ್ನೊಂದು ಸಲ,” ಎಂದರು. ಮೂರನೆಯ ಸಲಕ್ಕೆ ನಮ್ಮ ಕಿರಿಯ ತಮ್ಮನಿಗೆ ತಡೆಯಲಾಗದೆ ಗಿಡ್ಡ ಎಲೆಯ ಗುಟ್ಟನ್ನು ಹೇಳಿಬಿಟ್ಟ. ಅಬ್ಬಾ ಎಲೆಯನ್ನು ಬೆರಳಿನಲ್ಲಿ ಸವರಿ ನೋಡಿ, “ಹೇಳಬಾರದಿತ್ತು,” ಎಂದರು.

ಅಬ್ಬಾಗೆ ಹೇಳಬಾರದಿತ್ತು, ಗಾರೆ ಕೆಲಸದವನಿಗೆ ಹೇಳಬೇಕಾಗಿತ್ತು. ಆ ರಜೆಯಲ್ಲಿ ನಮ್ಮ ಮನೆಯಲ್ಲಿ ಎರಡೂ ತಿರುಗುಮುರುಗಾಯಿತು.